ಜಾನ್ ಲಾರ್ಡ್ ಬರಿಯ ಪಕ್ಕವಾದ್ಯದವರಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ರಾಕ್ ಸಂಗೀತದ ಲೇಖನವು ಗಿಟಾರ್ ವಾದಕರನ್ನು ವಿಸ್ತಾರವಾಗಿ ಪರಿಚಯಿಸಿ, ಇಂಗ್ಲೆಂಡಿನ ಡೀಪ್ ಪರ್ಪಲ್ ರಾಕ್ ತಂಡದ ಆರ್ಗನ್ ವಾದಕ ಜಾನ್ ಲಾರ್ಡ್ ಅವರನ್ನು ಮಾತ್ರ ‘ಪಕ್ಕವಾದ್ಯದವರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯೆನಿಸಲಿಲ್ಲ. 1968ರಲ್ಲಿ ಆ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅದರ ಅನೇಕ ಹಾಡುಗಳ ರಚನೆಯಲ್ಲಿಯೂ ಅವರ ಹೆಸರಿದೆ. ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯವನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಅದರ ನಯವಾದ ನಾದವನ್ನು ಬೇಕೆಂದೇ ಒರಟಾಗಿಸಿ, ಗಿಟಾರಿಗೆ ಸರಿಸಮನಾಗಿ ನಿಲ್ಲಿಸಿದ ಹೆಗ್ಗಳಿಕೆ ಅವರದು. ಬದಿಯಡ್ಕ ಕಡೆಯ ಭಜನಾ ಮಂದಿರವೊಂದರಲ್ಲಿ ಎಡಗೈಯಿಂದ ತಿದಿ ಒತ್ತುತ್ತ ಹಾರ್ಮೋನಿಯಂ ನುಡಿಸುವ, ತಾಳಗಳ ಸದ್ದಿನಲ್ಲಿ ಅದು ಮುಳುಗಿಹೋಗುವ ಸಂಕಟವನ್ನು ವಾರವಾರವೂ ಉಣ್ಣುವ ನನಗೆ ಆ ಜೋಡಣೆಯ ಬೆಲೆ ಚೆನ್ನಾಗಿ ಗೊತ್ತು.

1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ರಾಕ್ ತಂಡ ಮತ್ತು ಆರ್ಕೆಸ್ಟ್ರಾಗಳೆರಡಕ್ಕೂ ಲಾರ್ಡ್ ಅವರೇ ರಚಿಸಿದ ಕನ್ಚೆರ್ಟೊವನ್ನು (ವಾದ್ಯವೃಂದದೊಡನೆ ಸಂವಾದದಂತೆ ಸಾಗುವ ಪಾಶ್ಚಾತ್ಯ ಶಾಸ್ತ್ರೀಯ ರಚನೆಯನ್ನು) ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ನುಡಿಸಲಾಯಿತು. ಮುಂದೆ ಅದರ ಸ್ವರಲಿಪಿಯೇ ಕಳೆದುಹೋಗಿ, ಧ್ವನಿಮುದ್ರಣವನ್ನು ಕೇಳಿ ಕೇಳಿ ಮತ್ತೆ ಬರೆದ ಮೇಲೆಯೇ 1999ರಲ್ಲಿ ಅಲ್ಲಿಯೇ ಪುನಃ ಪ್ರಯೋಗವಾದದ್ದು ಲೇಖಕರ ಗಮನಕ್ಕೆ ಬಂದಂತಿಲ್ಲ. 2002ರಲ್ಲಿ ತಂಡವನ್ನು ಬಿಟ್ಟು ಸ್ವಂತ ರಚನೆಗಳಲ್ಲಿ ತೊಡಗಿದ ಲಾರ್ಡ್ ಅವರು 2012ರಲ್ಲಿ ತೀರಿಕೊಂಡರು. ಲೇಖನದ ಮುಂದಿನ ಕಂತಿನಲ್ಲಾದರೂ ಈ ಕೊರತೆಯನ್ನು ತುಂಬಿಕೊಡಬೇಕಾಗಿ ಕೋರುತ್ತೇನೆ.

– ಓದುಗ, ಬದಿಯಡ್ಕ, ಕಾಸರಗೋಡು