ಪಾರ್ಟಿ ಗೇಮ್ ಒಬ್ಬರೇ ಆಡುವವರ ಬಗ್ಗೆಯೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ವಿಡಿಯೋ ಗೇಮ್ ಬಗ್ಗೆ ಯಾರೇ ಬರೆಯಲಿ, ಪಾರ್ಟಿ ಗೇಮ್, ಅಂದರೆ ಹಲವರು ಸೇರಿ ಆಡುವ ಆಟ, ಅಂತ ಬಂದ ಕೂಡಲೇ ಒಂದು ಸಾಲು ಇದ್ದೇ ಇರುತ್ತದೆ. ನಾಲ್ಕು ಜನ ಇದ್ದರೆ ತಗೊಳ್ಳಿ, ಒಬ್ಬರೇ ಆಡುವುದಾದರೆ ಬೇಡ. ಅಲ್ಲಿಗೆ ಮುಗಿಯಿತು. ಆ ಗೇಮನ್ನು ಒಬ್ಬರೇ ಕೂತು ಆಡಿದರೆ ಹೇಗಿರುತ್ತದೆ ಅಂತ ಯಾರೂ ಬರೆಯುವುದಿಲ್ಲ. ನಾನು ವರ್ಷಗಳಿಂದ ಹಾಗೇ ಆಡುತ್ತಿದ್ದೇನೆ, ಅದರಲ್ಲೂ ಕೈಯಲ್ಲಿ ಹಿಡಿದು ಆಡುವ ಚಿಕ್ಕ ಯಂತ್ರಗಳಲ್ಲಿ. ಹಾಗಾಗಿ ಈ ಪತ್ರ.

ನಾನು ಜಾಸ್ತಿ ಆಡಿರುವುದು ಮಾರಿಯೋ ಪಾರ್ಟಿ ಡಿಎಸ್. 2007ರಲ್ಲಿ ಬಂದದ್ದು. ಅಕ್ಕನ ಮಗ ದೊಡ್ಡವನಾದ ಮೇಲೆ ಅವನ ನಿಂಟೆಂಡೊ ಡಿಎಸ್ ಅನ್ನುವ ಕೈಯಂತ್ರ ನನ್ನ ಹತ್ತಿರವೇ ಉಳಿಯಿತು, ಗೇಮೂ ಅದರೊಳಗೇ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ದಾಳ ಉರುಳಿಸಿ ಮನೆಯಿಂದ ಮನೆಗೆ ಹೋಗುವ ಬೋರ್ಡ್ ಆಟ. ನಾಲ್ವರ ಸರದಿ ಒಂದು ಸುತ್ತು ಮುಗಿದರೆ ಒಂದು ಮಿನಿಗೇಮ್, ಅಂದರೆ ಪುಟ್ಟ ಆಟ. ಅದರಲ್ಲಿ ಗೆದ್ದರೆ ನಾಣ್ಯ, ನಾಣ್ಯ ಕೊಟ್ಟರೆ ನಕ್ಷತ್ರ, ಕೊನೆಗೆ ನಕ್ಷತ್ರ ಜಾಸ್ತಿ ಇರುವವರು ಗೆದ್ದ ಹಾಗೆ. ಜೊತೆಗೆ ಜನ ಇಲ್ಲದಿದ್ದರೆ ಉಳಿದ ಮೂವರನ್ನು ಕಂಪ್ಯೂಟರ್ ಆಡಿಸುತ್ತದೆ.

ಇದರ ಕಥೆ ನನಗೆ ತುಂಬಾ ಇಷ್ಟ. ಖಳನಾಯಕ ಬೌಸರ್ ಊಟಕ್ಕೆ ಕರೆಯುತ್ತಾನೆ, ಬಂದ ಮಾರಿಯೋ ಮತ್ತು ಗೆಳೆಯರನ್ನು ಒಂದು ಯಂತ್ರದಿಂದ ಪುಟಾಣಿಗಳನ್ನಾಗಿ ಮಾಡಿ ಹೊರಗೆ ಹಾಕುತ್ತಾನೆ. ಅಲ್ಲಿಂದ ಮುಂದೆ ಕಾಣುವುದೆಲ್ಲ ಇರುವೆಯ ಕಣ್ಣಿಗೆ ಕಂಡ ಹಾಗೆ. ಒಂದು ಬೋರ್ಡ್ ತೋಟ, ಒಂದು ಸಂಗೀತದ ಕೋಣೆ, ಒಂದು ಪುಸ್ತಕಗಳ ಕೋಣೆ, ಕೊನೆಯದು ಪಿನ್‌ಬಾಲ್ ಯಂತ್ರದ ಒಳಗೆ. ದಿನಾ ನೋಡುವ ವಸ್ತುವೇ ಬೆಟ್ಟದಷ್ಟು ಎತ್ತರವಾಗಿ ಎದುರಿಗೆ ನಿಂತಿರುತ್ತದೆ. ನಾಲ್ಕು ಜನ ಸೇರಿ ಕೂಗಾಡುತ್ತಾ ಆಡುವಾಗ ಇದನ್ನೆಲ್ಲ ನೋಡಲು ಯಾರಿಗೆ ಪುರುಸೊತ್ತು ಇರುತ್ತದೆ ಹೇಳಿ? ನಾನು ನೋಡಿದ್ದೇನೆ. ಪರದೆ ಅಂಗೈಯಷ್ಟೇ ಇದ್ದರೂ, ಮುಖದ ಹತ್ತಿರ ಹಿಡಿದು ಸುಮ್ನೆ ಕೂತರೆ ಆ ಪುಟ್ಟ ಲೋಕ ಪೂರ್ತಿ ನಮ್ಮದಾಗುತ್ತದೆ.

ಮಿನಿಗೇಮ್‌ಗಳ ವಿಷಯವೂ ಹಾಗೇ. ಇದರಲ್ಲಿ 70ಕ್ಕೂ ಹೆಚ್ಚು ಇವೆ. ಕೆಲವು ಬಟನ್ ಒತ್ತುವಂಥವು, ಕೆಲವು ಕಡ್ಡಿಯಿಂದ ಪರದೆಯ ಮೇಲೆ ಗೀಚುವಂಥವು, ಕೆಲವಕ್ಕೆ ಮೈಕ್ ಬೇಕು. ಜನ ಸೇರಿದಾಗ ಯಾರಿಗಾದರೂ ನಿಯಮ ಅರ್ಥವಾಗುವಷ್ಟರಲ್ಲಿ ಆಟ ಮುಗಿದಿರುತ್ತದೆ, ಅದೂ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬರೇ ಇದ್ದಾಗ ಅದನ್ನೇ ಹತ್ತು ಸಲ ಆಡಬಹುದು, ಯಾಕೆ ಸೋತೆ ಅಂತ ನೋಡಬಹುದು, ಟೈಮ್ ಅಟ್ಯಾಕ್‌ನಲ್ಲಿ ನಿನ್ನೆಯ ನನ್ನದೇ ಸಮಯವನ್ನು ಇವತ್ತು ಅರ್ಧ ಸೆಕೆಂಡ್ ಇಳಿಸಬಹುದು. ಕೈ ಪಳಗುವುದು ಗೊತ್ತಾಗುತ್ತದೆ. ಆ ಖುಷಿ ಬೇರೆ.

ಇನ್ನೊಂದು ಮಾತು. ಈ ಆಟದಲ್ಲಿ ಅದೃಷ್ಟ ಜಾಸ್ತಿ. ಚೆನ್ನಾಗಿ ಆಡಿ ಮುಂದೆ ಇದ್ದರೂ ಕೊನೆಯ ಸುತ್ತಿನಲ್ಲಿ ಒಂದು ಕೆಟ್ಟ ಗರ ಬಿದ್ದರೆ ಎಲ್ಲ ಕೈಬಿಟ್ಟು ಹೋಗುತ್ತದೆ. ಎದುರಿಗೆ ಜನ ಇದ್ದಾಗ ನನಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ, ಮುಖ ಬಾಡುತ್ತಿತ್ತು, ಆಡಿದವರ ಜೊತೆ ಅರ್ಧ ಗಂಟೆ ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಒಬ್ಬರೇ ಆಡುವಾಗ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟರೆ ಆಯಿತು. ಯಂತ್ರ ನಿದ್ದೆಗೆ ಹೋಗುತ್ತದೆ, ತೆರೆದಾಗ ಆಟ ಅಲ್ಲೇ ಕಾದಿರುತ್ತದೆ. ಕೆಲಸ ಮುಗಿಸಿ ಬಂದು, ಯಾರ ಜೊತೆಯೂ ಮಾತಾಡುವ ಶಕ್ತಿ ಇಲ್ಲದ ದಿನ, ಆ ಇಪ್ಪತ್ತು ನಿಮಿಷ ನನಗೆ ನಿಜವಾಗಿಯೂ ಬೇಕಾಗುತ್ತದೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ದೊಡ್ಡದು ಕಾಯುವುದು. ನನ್ನ ಒಂದು ಗರಕ್ಕೆ ಕಂಪ್ಯೂಟರಿನ ಮೂರು ಗರ ನೋಡಬೇಕು, ಅವರು ಒಂದೊಂದೇ ಮನೆ ಎಣಿಸಿಕೊಂಡು ನಡೆಯುವುದನ್ನೂ ನೋಡಬೇಕು. ಮನುಷ್ಯರಾದರೆ ಆ ಹೊತ್ತಿಗೆ ಮಾತಿರುತ್ತದೆ, ಇಲ್ಲಿ ಬರೀ ಕಾಯುವುದು. ಗೇಮ್ ಮಾಡುವವರಿಗೂ ಇದು ಗೊತ್ತಿರಲೇಬೇಕು ಅನಿಸುತ್ತದೆ, ಯಾಕೆಂದರೆ 2016ರಲ್ಲಿ ಡಿಎಸ್ ನಂತರದ ಯಂತ್ರವಾದ 3ಡಿಎಸ್‌ಗೆ ಬಂದ ಮಾರಿಯೋ ಪಾರ್ಟಿ ಸ್ಟಾರ್ ರಶ್‌ನ ಮುಖ್ಯ ಆಟದಲ್ಲಿ ನಾಲ್ವರೂ ಒಟ್ಟಿಗೇ ದಾಳ ಉರುಳಿಸುತ್ತಾರೆ. ಸರದಿಯೇ ಇಲ್ಲ. ಒಬ್ಬರೇ ಆಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಾ? ಆದರೂ ಅದನ್ನು ಈ ಕಣ್ಣಿನಿಂದ ನೋಡಿ ಬರೆದದ್ದು ನಾನೆಲ್ಲೂ ಓದಿಲ್ಲ. ಅದಕ್ಕೂ ಮೊದಲು, 2013ರ ಮಾರಿಯೋ ಪಾರ್ಟಿ ಐಲ್ಯಾಂಡ್ ಟೂರ್‌ನಲ್ಲಿ ಒಬ್ಬರಿಗೆಂದೇ ಬೌಸರನ ಗೋಪುರ ಅಂತ ಒಂದು ಭಾಗ ಕೊಟ್ಟರು, 30 ಮಹಡಿ, ಒಂದೊಂದು ಮಿನಿಗೇಮ್ ಗೆದ್ದು ಮೇಲೆ ಹತ್ತುವುದು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಬೋರ್ಡ್ ತೆಗೆದು ಮಿನಿಗೇಮ್ ಮಾತ್ರ ಉಳಿಸಿದರೆ ಮುಂದಿನ ಗರ ಏನು ಬೀಳುತ್ತದೋ ಅನ್ನುವ ಕುತೂಹಲವೇ ಹೋಗುತ್ತದೆ. ನನ್ನನ್ನು ಮತ್ತೆ ಮತ್ತೆ ಎಳೆಯುವುದು ಅದೇ ತಾನೇ.

ಬೋರ್ಡ್ ಇಲ್ಲದೆಯೂ ಒಬ್ಬರಿಗೆ ಚೆನ್ನಾಗಿ ಒಗ್ಗುವುದು ಬೇಕೆಂದರೆ 2003ರ ವಾರಿಯೋವೇರ್ ಇದೆ, ಹಳೆಯ ಕೈಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನದು. ಅದರ ಒಂದೊಂದು ಆಟ ಕೆಲವೇ ಸೆಕೆಂಡ್. ಏನು ಮಾಡಬೇಕು ಅಂತ ಒಂದು ಪದ ಬರುತ್ತದೆ, ಅರ್ಥ ಮಾಡಿಕೊಂಡು ಮಾಡಿ ಮುಗಿಸಬೇಕು, ಅಷ್ಟರಲ್ಲಿ ಮುಂದಿನದು, ವೇಗ ಏರುತ್ತಲೇ ಹೋಗುತ್ತದೆ. ಅಲ್ಲಿ ಕಾಯುವ ಮಾತೇ ಇಲ್ಲ.

ಜೊತೆ ಸಿಗಲಿಲ್ಲ ಅಂತ ಹೀಗೆ ಆಡುತ್ತಾರೆ ಅನ್ನುವವರಿಗೂ ಒಂದು ಮಾತು. ನನಗೆ ಗೆಳೆಯರಿದ್ದಾರೆ, ಅವರು ಬಂದರೆ ಅವರ ಜೊತೆಗೂ ಆಡುತ್ತೇನೆ. ಒಬ್ಬರೇ ಕೂತು ಹಾಡು ಕೇಳುವವರನ್ನು ಪಾಪ ಅಂತ ಯಾರೂ ನೋಡುವುದಿಲ್ಲ ಅಲ್ವಾ? ಆಟಕ್ಕೆ ಮಾತ್ರ ಯಾಕೆ ಆ ನೋಟ?

ನನ್ನ ಕೋರಿಕೆ ಚಿಕ್ಕದು. ನಿಮ್ಮ ಪತ್ರಿಕೆಯಲ್ಲಿ ಮುಂದೆ ಪಾರ್ಟಿ ಗೇಮ್ ಬಗ್ಗೆ ಬರೆಸಿದರೆ, ಬರೆಯುವವರು ಒಂದು ಸಂಜೆಯಾದರೂ ಅದನ್ನು ಒಬ್ಬರೇ ಆಡಿ ನೋಡಲಿ. ಕಂಪ್ಯೂಟರಿನ ಸರದಿಯನ್ನು ಬೇಗ ಓಡಿಸಬಹುದೇ, ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದೇ, ಇಂಟರ್ನೆಟ್ ಇಲ್ಲದಿದ್ದರೂ ಎಲ್ಲ ಬೋರ್ಡ್ ಸಿಗುತ್ತದೆಯೇ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೂ ನನ್ನಂಥವರಿಗೆ ತಗೊಳ್ಳಬೇಕೋ ಬೇಡವೋ ತಿಳಿಯುತ್ತದೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬರು