ಅಮ್ಮ, ರಾತ್ರಿ ಊಟ ಬಿಡಬೇಡ

ಸ್ಯಾನ್ ಹೋಸೆ, ಅಮೆರಿಕ, ಶನಿವಾರ

ಅಮ್ಮನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಪುಟ್ಟಿಯ ಕೆಮ್ಮು ವಾಸಿಯಾಗಿದೆ. ಇವರೂ ಚೆನ್ನಾಗಿದ್ದಾರೆ.

ಅಣ್ಣನ ಪತ್ರ ಬಂತು. ಮೂರು ತಿಂಗಳ ಸಕ್ಕರೆ 9.4 ಬಂದಿದೆಯಂತೆ. ಫೋನಿನಲ್ಲಿ ಕೇಳಿದರೆ ನೀನು "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತೀಯ, ಆಮೇಲೆ ಪುಟ್ಟಿಗೆ ಕೊಡು ಅಂತೀಯ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪೂರ್ತಿ ಓದು. ಗಾಬರಿ ಪಡುವಂಥದ್ದು ಏನೂ ಇಲ್ಲ. ಇಲ್ಲಿ ನಮ್ಮ ಪರಿಚಯದ ಡಾಕ್ಟರನ್ನೂ ಕೇಳಿದೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆದರೆ ಇಳಿಯುತ್ತದೆ ಅಂದರು. ಖಂಡಿತ ಇಳಿಯುತ್ತದೆ.

ಆದರೆ ಅಪ್ಪ ಹೋದಮೇಲೆ ನೀನು ರಾತ್ರಿ ಊಟವನ್ನೇ ಬಿಟ್ಟಿದ್ದೀಯಂತೆ. ಊಟ ಇಲ್ಲ ಅಂತ ಮಾತ್ರೆಯನ್ನೂ ಬಿಡುತ್ತಿದ್ದೀಯಂತೆ. ಸಂಜೆ ಅಪ್ಪನ ಆಫೀಸು ರೂಮಿನ ದೀಪ ಹಾಕಿ ಒಬ್ಬಳೇ ಕೂತಿರುತ್ತೀಯಂತೆ. ಅತ್ತಿಗೆ ಕರೆದರೆ "ನೀವು ಮಾಡಿ, ನನಗೆ ಹಸಿವಿಲ್ಲ" ಅನ್ನುತ್ತೀಯಂತೆ. ಅಣ್ಣ ದೂರು ಹೇಳಲಿಲ್ಲ ಅಮ್ಮ. ಅವನಿಗೂ ಭಯವಾಗಿದೆ, ಅಷ್ಟೇ. ಅವನ ಮೇಲೆ ಸಿಟ್ಟು ಮಾಡಬೇಡ.

ವಕೀಲರ ಸಂಘದಲ್ಲಿ ಅಪ್ಪನ ಫೋಟೋ ಹಾಕುತ್ತಾರಂತಲ್ಲ. ಓದುವುದಕ್ಕೆ ನಾಲ್ಕು ಮಾತು ಬರೆದು ಕಳಿಸು ಅಂದಿದ್ದಾನೆ ಅಣ್ಣ. ಮೂರು ಸಲ ಬರೆದು ಹರಿದೆ. ಅಪ್ಪ ಸೆಷನ್ಸ್ ಕೋರ್ಟಿನಲ್ಲಿ 47 ವರ್ಷ ನಿಂತವರು, ಕೊಲೆ ಕೇಸುಗಳನ್ನು ನಡೆಸಿದವರು ಅಂತ ಶುರು ಮಾಡುತ್ತೇನೆ. ನಾಲ್ಕು ಸಾಲು ಆಗುವಷ್ಟರಲ್ಲಿ ನಮ್ಮ ಅಡುಗೆಮನೆಗೆ ಬಂದುಬಿಡುತ್ತೇನೆ. ರಾತ್ರಿ ಎಂಟೂವರೆಗೆ ಎಲ್ಲರೂ ಊಟಕ್ಕೆ ಒಟ್ಟಿಗೆ ಕೂರಬೇಕು, ಅದು ಅಪ್ಪನ ನಿಯಮ. ನೀನೂ ಬಡಿಸಿಟ್ಟು ಜೊತೆಗೇ ಕೂರಬೇಕು. ಮಾರನೆಯ ದಿನ ಆರ್ಗ್ಯುಮೆಂಟ್ ಇದ್ದರೂ ಅಷ್ಟೇ. ಹೊರಗೆ ಕಕ್ಷಿದಾರರು ಕಾಯುತ್ತಿದ್ದರೆ ಅವರಿಗೂ ಎಲೆ. ಕೇಸಿನ ಮಾತು ಮಾತ್ರ ಊಟದ ಮನೆಗೆ ಬರಕೂಡದು.

ಹೋದ ತಿಂಗಳು ನನಗೆ ಇಲ್ಲಿನ ಕೋರ್ಟಿನಿಂದ ಕರೆ ಬಂದಿತ್ತು. ಹೆದರಬೇಡ, ತಪ್ಪೇನೂ ಮಾಡಿಲ್ಲ! ಸಿಟಿಜನ್ ಆದವರನ್ನು ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ, ಕರೆಯುತ್ತಾರೆ. ನಮ್ಮಲ್ಲೂ ಹಿಂದೆ ಇತ್ತು, 1973ರ ಕ್ರಿಮಿನಲ್ ಪ್ರೊಸೀಜರ್ ಕಾಯಿದೆಯಲ್ಲಿ ತೆಗೆದರು ಅಂತ ಅಪ್ಪ ಹೇಳುತ್ತಿದ್ದರಲ್ಲ, ಅದೇ. ಬಸ್ ಓಡಿಸುವವರು, ಟೀಚರು, ಸಾಫ್ಟ್‌ವೇರಿನವರು, ಎಲ್ಲ ಒಟ್ಟಿಗೆ ಒಂದು ಹಾಲಿನಲ್ಲಿ ಕಾಯುತ್ತಾ ಕೂತಿದ್ದೆವು. ಕ್ರಿಮಿನಲ್ ಕೇಸಿಗೆ 12 ಜನರನ್ನು ಆರಿಸುತ್ತಾರೆ. ತೀರ್ಪಿಗೆ ಆ 12 ಜನವೂ ಒಪ್ಪಬೇಕು. ಮೊದಲ ದಿನಕ್ಕೆ ದುಡ್ಡಿಲ್ಲ, ಎರಡನೇ ದಿನದಿಂದ ದಿನಕ್ಕೆ 15 ಡಾಲರ್. ನಮ್ಮ ಊಟಕ್ಕೂ ಸಾಲದು, ಆದರೂ ಜನ ಬಂದು ಕೂರುತ್ತಾರೆ. ನನಗೆ ಅದು ಇಷ್ಟವಾಯಿತು.

ಒಳಗೆ ಹೋದರೆ ವಕೀಲರಿಗೆ ಕರಿ ಗೌನೂ ಇಲ್ಲ, ಬಿಳಿ ಬ್ಯಾಂಡೂ ಇಲ್ಲ. ಅದಕ್ಕಿಂತ ಜಾಸ್ತಿ ಆಶ್ಚರ್ಯ ಅಂದರೆ ಕಟಕಟೆ ಇಲ್ಲ. ಆರೋಪಿ ತನ್ನ ವಕೀಲರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅಪ್ಪ ನೋಡಬೇಕಿತ್ತು ಅನ್ನಿಸಿತು. ಹಾಸನದ ಕೋರ್ಟಿನಲ್ಲಿ ಅವರು ಮಾತು ಶುರು ಮಾಡುವ ಮೊದಲು ಕಟಕಟೆಯ ಹತ್ತಿರ ಹೋಗಿ ಒಂದು ನಿಮಿಷ ನಿಲ್ಲುತ್ತಿದ್ದರು, ನೆನಪಿದೆಯಾ? ಅವನು ಅಲ್ಲಿ ಒಬ್ಬನೇ ಇದ್ದಾನೆ ಅಂತ ಯಾರಿಗೂ ಅನ್ನಿಸಬಾರದು ಅಂತಿದ್ದರು.

ಮನೆಯಲ್ಲಿ ಯಾರಾದರೂ ವಕೀಲರು, ಪೊಲೀಸರು ಇದ್ದಾರಾ ಅಂತ ನಮ್ಮನ್ನೆಲ್ಲ ಕೇಳಿದರು. ನಮ್ಮಪ್ಪ ಆರೋಪಿಗಳ ಪರ ವಕೀಲರಾಗಿದ್ದರು ಅಂದೆ. ಧ್ವನಿ ಸ್ವಲ್ಪ ನಡುಗಿತು. "ಆಗಿದ್ದರು" ಅಂತ ಅಷ್ಟು ಜನರ ಎದುರು ಹೇಳಿದ್ದು ಅದೇ ಮೊದಲು. ಎರಡೂ ಕಡೆಯವರಿಗೆ ಕಾರಣ ಹೇಳದೆ ಕೆಲವರನ್ನು ಬೇಡ ಅನ್ನುವ ಹಕ್ಕಿದೆ. ಸರ್ಕಾರಿ ವಕೀಲರು ನನಗೆ ಥ್ಯಾಂಕ್ಸ್ ಹೇಳಿ ಕಳಿಸಿಬಿಟ್ಟರು. ಕಾರಿನಲ್ಲಿ ಕೂತು ತುಂಬಾ ಹೊತ್ತು ಅತ್ತೆ. ಈಗ ಸರಿಯಾಗಿದ್ದೇನೆ.

ಆವತ್ತು ರಾತ್ರಿ ಪುಟ್ಟಿಗೆ ಅಬ್ರಹಾಂ ಲಿಂಕನ್ ವಕೀಲರಾಗಿದ್ದಾಗಿನ ಕಥೆ ಹೇಳಿದೆ. ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾರೋ! 1858ರಲ್ಲಿ, ಇಲಿನಾಯ್‌ನಲ್ಲಿ. ಬೆಳದಿಂಗಳಲ್ಲಿ ಕೊಲೆ ನೋಡಿದೆ ಅಂತ ಒಬ್ಬ ಸಾಕ್ಷಿ. ಲಿಂಕನ್ ಕೊಲೆ ನಡೆದ ವರ್ಷದ ಪಂಚಾಂಗ ತರಿಸಿ ತೋರಿಸಿದರು. ಅವನು ಹೇಳಿದ ಹೊತ್ತಿಗೆ ಚಂದ್ರ ಮುಳುಗುವ ಹಾಗಿದ್ದ. ಆರೋಪಿ ಹುಡುಗ ಬಿಡುಗಡೆಯಾದ. ಅಪ್ಪನಿಗೆ ಅದರ ಕೊನೆಯೇ ಇಷ್ಟ. ಲಿಂಕನ್ ಬಡವನಾಗಿದ್ದಾಗ ಆ ಹುಡುಗನ ತಾಯಿ ಅವನಿಗೆ ಊಟ ಹಾಕಿದ್ದಳು. ಅದಕ್ಕೇ ಫೀಸು ಮುಟ್ಟಲಿಲ್ಲ.

ನಮ್ಮ ಪಂಚಾಂಗದ ಕೇಸೂ ಹಾಗೆಯೇ ಅಲ್ವಾ? ಸಾಕ್ಷಿ ರಾತ್ರಿ ಒಂಬತ್ತಕ್ಕೆ ಬೆಳದಿಂಗಳಿತ್ತು ಅಂದ. ಅಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಸ್ಕೂಟರಿನಲ್ಲಿ ಮನೆಗೆ ಬಂದರು. ದೇವರ ಮನೆಯ ಪೆಟ್ಟಿಗೆಯಿಂದ ಪ್ರಜೋತ್ಪತ್ತಿ ಸಂವತ್ಸರದ ಒಂಟಿಕೊಪ್ಪಲ್ ಪಂಚಾಂಗ ಹುಡುಕಿ ಕೊಟ್ಟವಳು ನೀನು. ಕೃಷ್ಣಪಕ್ಷದ ದ್ವಾದಶಿ, ಚಂದ್ರ ಬರುವುದು ಬೆಳಗಿನ ಜಾವಕ್ಕೆ ಅಂತ ಲೆಕ್ಕ ಹೇಳಿದವಳೂ ನೀನೇ. ಹಳೇ ಪಂಚಾಂಗ ಎಸೆಯಬಾರದು ಅಂತ ಇಟ್ಟಿದ್ದೆಯಲ್ಲ! ಫೀಸಿನ ಬದಲು ಕಕ್ಷಿದಾರರು ಒಂದು ಮೂಟೆ ಆಲೂಗಡ್ಡೆ ತಂದರು. ಅಪ್ಪ ಅದನ್ನು ನಿನ್ನ ಮುಂದೆ ಇಳಿಸಿ "ಇದು ನಿನ್ನ ಫೀಸು" ಅಂದರು. ವಕೀಲರ ಸಂಘಕ್ಕೆ ಇದನ್ನೇ ಬರೆಯುತ್ತೇನೆ. ನೀನು ಬೇಡ ಅಂದರೂ ಬರೆಯುತ್ತೇನೆ.

ಇನ್ನೊಂದು. ಆ ರೂಮಿನಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇರಬೇಕು, ಜೋಪಾನ. 2024ರ ಜುಲೈ 1ಕ್ಕೆ ಐಪಿಸಿ ಬದಲು ಹೊಸ ಕಾನೂನು ಬಂದಾಗ ಅಪ್ಪ 73ನೇ ವಯಸ್ಸಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡದ್ದು. ಕೊಲೆಗೆ ಕಲಂ 302 ಇದ್ದದ್ದು 103, ಕೊಲೆ ಯತ್ನಕ್ಕೆ 307 ಇದ್ದದ್ದು 109, ಮೋಸಕ್ಕೆ 420 ಇದ್ದದ್ದು 318. ಮಗುವಿನ ಮಗ್ಗಿಯ ಹಾಗೆ. ನೀನು ಕೇಳಬೇಕು, ಅವರು ಒಪ್ಪಿಸಬೇಕು. ಅದೂ ಊಟ ಆದ ಮೇಲೆ. ಅದನ್ನು ಯಾರಿಗೂ ಕೊಡಬೇಡ, ನಾನು ಬಂದು ನೋಡಬೇಕು.

ಈಗ ಅಪ್ಪ ಇದ್ದಿದ್ದರೆ ನಿನ್ನನ್ನು ಪಾಟೀಸವಾಲಿಗೆ ನಿಲ್ಲಿಸುತ್ತಿದ್ದರು. ಎಂಟೂವರೆಗೆ ಸೊಸೆ ತಟ್ಟೆ ಹಾಕಿದ್ದು ನಿಜ ತಾನೇ? ಮೊಮ್ಮಕ್ಕಳು ಅಜ್ಜಿಗೆ ಕಾದಿದ್ದು ನಿಜ ತಾನೇ? ಹೌದು, ಇಲ್ಲ, ಅಷ್ಟು ಹೇಳಿ ಸಾಕು ಅನ್ನುತ್ತಿದ್ದರು. ಆ ರೂಮಿನಲ್ಲಿ ಕೂರಬೇಡ ಅಂತ ನಾನು ಹೇಳುವುದಿಲ್ಲ ಅಮ್ಮ. ಕೂತುಕೋ. ಎಂಟೂವರೆಗೆ ಎದ್ದು ಬಾ. ಒಂದು ಚಪಾತಿ, ಒಂದಿಷ್ಟು ಪಲ್ಯ, ಮಜ್ಜಿಗೆ. ಮಾತ್ರೆ ಅಣ್ಣ ಕೊಡುತ್ತಾನೆ. ಹದಿನೈದು ದಿನ ಬಿಟ್ಟು ಮತ್ತೆ ರಕ್ತ ಕೊಡು. ವರದಿಯನ್ನು ಅಣ್ಣ ನನಗೆ ಕಳಿಸಲಿ.

ನಾನು ವರ್ಷಾಂತಿಕಕ್ಕೆ ಹತ್ತು ದಿನ ಮುಂಚೆ ಬರುತ್ತೇನೆ. ಟಿಕೆಟ್ ಆಗಿದೆ, ದುಡ್ಡಿನ ಯೋಚನೆ ಬೇಡ. ರಜೆಯೂ ಸಿಕ್ಕಿದೆ. ಪುಟ್ಟಿಯೂ ಬರುತ್ತಾಳೆ. ನಾವು ನಿಜವಾಗಲೂ ಚೆನ್ನಾಗಿದ್ದೇವೆ, ನೀನು ನಿನ್ನನ್ನು ನೋಡಿಕೋ.

ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು, ಇವರು ಕಾರಿನಲ್ಲಿ ಕಾಯುತ್ತಿದ್ದಾರೆ. ಅಣ್ಣ, ಅತ್ತಿಗೆಗೆ ಕೇಳಿದೆ ಅಂತ ಹೇಳು. ಮಕ್ಕಳಿಗೆ ಮುತ್ತು. ಈ ಪತ್ರ ಸಿಕ್ಕಿದ ದಿನ ರಾತ್ರಿ ಊಟ ಮಾಡಿದ ಮೇಲೆ ಫೋನ್ ಮಾಡು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ ಚಿಕ್ಕ ಮಗಳು