ಹತ್ತನೇ ತರಗತಿ ಮಕ್ಕಳ ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ, ಮೂಡಿಗೆರೆ ತಾಲ್ಲೂಕು

ಪ್ರೀತಿಯ ಪೋಷಕರೇ, ನಮಸ್ಕಾರ.

ಇನ್ನೇನು ಕಾಫಿ ಹಣ್ಣಿನ ಕೊಯ್ಲು ಜೋರಾಗುತ್ತದೆ. ಆಮೇಲೆ ನಿಮಗೆ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮಗು ಏನು ಓದಬೇಕು ಅನ್ನುವುದನ್ನು ರಿಸಲ್ಟ್ ಬಂದ ವಾರ ಗಡಿಬಿಡಿಯಲ್ಲಿ ತೀರ್ಮಾನ ಮಾಡುವುದು ಬೇಡ.

ಕಳೆದ ಫೆಬ್ರವರಿಯಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಪೋಷಕರೊಬ್ಬರ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೇ ಪಂಪಿನ ಮೋಟಾರ್ ಸುಟ್ಟುಹೋಯಿತು. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ನೀರಿಗೆ ಕಾಯುತ್ತಿತ್ತು. ಆ ಸಮಯದಲ್ಲಿ ನೀರು ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್‌ನವರ ಬಳಿ ಹೋದರೆ, ಅಲ್ಲಿ ಆಗಲೇ ಸಾಲಾಗಿ ಮೋಟಾರುಗಳು ಕೂತಿದ್ದವು. ಐದು ದಿನ ಕಾಯಬೇಕಾಯಿತು. ಆ ಪೋಷಕರು ಇದನ್ನು ಹೇಳುವಾಗ ನನಗೆ ನಮ್ಮದೇ ಶಾಲೆಯ ಒಬ್ಬ ಹುಡುಗ ನೆನಪಾದ. ಹತ್ತನೇ ಕ್ಲಾಸಿನಲ್ಲಿದ್ದಾಗ ಸ್ಟಾಫ್ ರೂಮಿನ ಫ್ಯಾನ್ ಬಿಚ್ಚಿ ಸರಿ ಮಾಡಿಕೊಟ್ಟಿದ್ದವನು ಅವನು. ಈಗ ಬೆಂಗಳೂರಿನ ಒಂದು ಗೋಡೌನ್‌ನಲ್ಲಿ ಪೆಟ್ಟಿಗೆ ಎತ್ತಿ ಇಳಿಸುತ್ತಾನೆ. ಪಿಯುಸಿಗೆ ಸೇರು ಅಂತ ಅವನಿಗೆ ಹೇಳಿದವಳು ನಾನೇ. ಅವನ ಕೈಯಲ್ಲಿ ಏನಿದೆ ಅಂತ ನೋಡಿಯೂ ನೋಡದೆ ಹೇಳಿದೆ. ಅವನು ಒಂದೇ ವರ್ಷಕ್ಕೆ ಬಿಟ್ಟ. ಆ ಬೇಸರ ಇನ್ನೂ ಹೋಗಿಲ್ಲ.

"ಮಾರ್ಕ್ಸ್ ಬರದಿದ್ರೆ ಐಟಿಐಗೆ ಹಾಕ್ತೀವಿ ಮೇಡಂ" ಅಂತ ಪ್ರತಿ ವರ್ಷ ಕೇಳುತ್ತೇನೆ. ದಯವಿಟ್ಟು ಹಾಗೆ ಹೇಳಬೇಡಿ, ಅದರಲ್ಲೂ ಮಕ್ಕಳ ಎದುರಿಗೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಕೋರ್ಸ್ ಎರಡು ವರ್ಷ. ವೆಲ್ಡರ್ ಒಂದು ವರ್ಷ. ಅಲ್ಲಿ ಲೆಕ್ಕ ಬೇಕು, ವಿಜ್ಞಾನ ಬೇಕು. ನಾವು ಹತ್ತನೇ ತರಗತಿಯಲ್ಲಿ ಹೇಳಿಕೊಡುವ ವಿದ್ಯುತ್ ಪಾಠವೇ ಅಲ್ಲಿ ತಂತಿಯಾಗಿ, ಮೀಟರ್ ಆಗಿ ಕೈಗೆ ಬರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರು ಮುಂದೆ ಓದಬೇಕು ಅಂದರೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಅಲ್ಲಿಂದ ಇಂಜಿನಿಯರಿಂಗ್‌ಗೂ ದಾರಿ ಇದೆ. ಅಪ್ರೆಂಟಿಸ್ ಆಗಿ ಹೋದರೆ ಕಲಿಯುವಾಗಲೇ ತಿಂಗಳಿಗಿಷ್ಟು ಅಂತ ಸ್ಟೈಪೆಂಡ್ ಸಿಗುತ್ತದೆ. ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತರಿಸುವ ಕೆಲಸ ಮಾಡಿದೆ. ನಿಮ್ಮ ಕಾಲದ ಐಟಿಐ ನೋಡಿ ಈಗಿನದನ್ನು ಅಳೆಯಬೇಡಿ. ಒಮ್ಮೆ ಮಗುವನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿ ಐಟಿಐ, ಪಾಲಿಟೆಕ್ನಿಕ್ ಎರಡನ್ನೂ ಕಣ್ಣಾರೆ ನೋಡಿ ಬನ್ನಿ.

ಓದಿನಲ್ಲಿ ಮುಂದಿರುವ ಮಕ್ಕಳಿಗೂ ಇಲ್ಲೇ ಕೆಲಸ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ನಮ್ಮ ರಾಜ್ಯದ್ದು. ನಾವು ಬೆಳೆದು, ಒಣಗಿಸಿ, 50 ಕೆಜಿ ಮೂಟೆ ಕಟ್ಟಿ ಕಳಿಸಿಬಿಡುತ್ತೇವೆ. ಹುರಿಯುವುದು, ರುಚಿ ನೋಡಿ ದರ್ಜೆ ಹೇಳುವುದು, ಪ್ಯಾಕ್ ಮಾಡಿ ಮಾರುವುದು, ಇವೆಲ್ಲ ಹೆಚ್ಚಾಗಿ ಬೇರೆ ಕಡೆ ನಡೆಯುತ್ತವೆ. ಜಾಸ್ತಿ ದುಡ್ಡು ಇರುವುದೂ ಅಲ್ಲೇ, ಅಲ್ವಾ? ಕಾಫಿಯ ರುಚಿ ಮತ್ತು ಗುಣಮಟ್ಟ ನೋಡುವುದನ್ನು ಕಲಿಸಲು ಕಾಫಿ ಬೋರ್ಡ್ ಡಿಗ್ರಿ ಆದವರಿಗೆ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ನಮ್ಮ ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆ. ದೂರದ ಊರಿನ ಮಕ್ಕಳು ಬಂದು ಅಲ್ಲಿ ಓದುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಅದರ ಗೇಟನ್ನೂ ನೋಡಿಲ್ಲ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅಷ್ಟೇ ಅಲ್ಲ, ಎಲೆಕ್ಟ್ರಿಷಿಯನ್ ಕೋರ್ಸಿಗೂ ಹುಡುಗಿಯರು ಸೇರಬಹುದು. "ದಿನಾ ಅಷ್ಟು ದೂರ ಹೇಗೆ" ಅನ್ನುತ್ತೀರಿ. ಆ ಚಿಂತೆ ನನಗೆ ಅರ್ಥವಾಗುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಅರ್ಜಿ ಹಾಕುವ ಕೆಲಸ ನಮಗೆ ಬಿಡಿ. ಜಾತಿ, ಆದಾಯ ಪ್ರಮಾಣ ಪತ್ರವನ್ನು ಮಾತ್ರ ಈಗಲೇ ಮಾಡಿಸಿಡಿ.

ಇನ್ನು ನನ್ನ ಎರಡು ಕೋರಿಕೆ. ಕೊಯ್ಲಿನ ದಿನಗಳಲ್ಲಿ ಹತ್ತನೇ ತರಗತಿ ಮಕ್ಕಳನ್ನು ತೋಟಕ್ಕೆ ಕರೆಯಬೇಡಿ. ಮನೆಯಲ್ಲಿ ಕಷ್ಟ ಇದ್ದರೆ ನನಗೆ ಹೇಳಿ, ಏನು ಮಾಡಬಹುದು ಅಂತ ಸೇರಿ ಯೋಚಿಸೋಣ. ಆದರೆ ಜನವರಿಯಲ್ಲಿ ಬಿಟ್ಟುಹೋದ ಪಾಠ ಪರೀಕ್ಷೆಯೊಳಗೆ ಮತ್ತೆ ಸಿಗುವುದಿಲ್ಲ.

ಎರಡನೆಯದು, ನಿಮ್ಮ ಕೆಲಸವನ್ನು ಮಕ್ಕಳಿಗೆ ತೋರಿಸಿಕೊಡಿ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ, ಯಾವ ಕೊಂಬೆ ತೆಗೆಯಬೇಕು, ಯಾವುದನ್ನು ಬಿಡಬೇಕು ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಣದಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಅಂತ ಕೈಯಲ್ಲಿ ಹಿಡಿದೇ ಹೇಳುವವರಿದ್ದೀರಿ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ ಬೀಜದ ತೇವಾಂಶ ಶೇ. 10ಕ್ಕೆ ಬರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಬೂಷ್ಟು, ಕಮ್ಮಿಯಾದರೆ ತೂಕ ನಷ್ಟ. ಇದರಲ್ಲಿ ಶೇಕಡಾ ಲೆಕ್ಕವೂ ಇದೆ, ವಿಜ್ಞಾನವೂ ಇದೆ. ಒಂದು ಶನಿವಾರ ಬಂದು ಅರ್ಧ ಗಂಟೆ ಹೇಳಿ. ಭಾಷಣ ಬೇಡ, ಕೈಯಲ್ಲಿ ಮಾಡಿ ತೋರಿಸಿದರೆ ಸಾಕು. ವೆಲ್ಡಿಂಗ್, ಗಾರೆ, ಟೈಲರಿಂಗ್, ಕಳೆ ಹೊಡೆಯುವ ಮಿಷನ್ ರಿಪೇರಿ, ಯಾವುದಾದರೂ ಸರಿ.

ಬರುವ ಶನಿವಾರ ಬೆಳಿಗ್ಗೆ 11 ಗಂಟೆಗೆ ಶಾಲೆಯಲ್ಲಿ ಸಭೆ ಇದೆ. ಮಗುವಿನ ಜೊತೆಯಲ್ಲೇ ಕೂತು ಮಾತಾಡೋಣ. ಅವರಿಗೆ ಏನು ಇಷ್ಟ ಅಂತ ಮೊದಲು ಅವರ ಬಾಯಿಂದಲೇ ಕೇಳೋಣ. ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು ಕೂಲಿ ಬಿಟ್ಟು ಬರುವುದು ಬೇಡ. ವಿಜ್ಞಾನದ ಮೇಷ್ಟ್ರು ಮತ್ತು ನಾನು ಸಂಜೆ ಆರರ ಮೇಲೆ ನಿಮ್ಮ ಲೈನಿಗೇ ಬರುತ್ತೇವೆ. ಯಾವ ದಿನ ಆಗುತ್ತದೆ ಅಂತ ಮಗುವಿನ ಹತ್ತಿರ ಹೇಳಿ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ